ಕಿಟೆಲ್ ನಿಘಂಟು ಬೇಕು, ಆ ಪಾಠ ಮಾತ್ರ ಬೇಡ!

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ :-) ಆದರೆ ಕಳೆದ ವಾರ ಮನೆಯಲ್ಲಿ ನಡೆದ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇಲ್ಲ. ಬರೆದರಾದರೂ ಹಗುರಾದೀತೇನೋ ಅಂತ ಕುಟ್ಟುತ್ತಾ ಕೂತಿದ್ದೇನೆ. ಉದ್ದವಾದರೆ ಬೈದುಕೊಳ್ಳಬೇಡಿ. ಬೈಯಲೇಬೇಕೆಂದರೆ ಪೂರ್ತಿ ಓದಿ ಬೈಯಿರಿ.

ನನ್ನ ಮಗಳು ಒಂಬತ್ತನೇ ಕ್ಲಾಸು. ಇಲ್ಲೇ ಬೆಂಗಳೂರಿನ ಒಂದು ಶಾಲೆ, ರಾಜ್ಯ ಸಿಲೆಬಸ್ಸು. ರಾತ್ರಿ ಊಟಕ್ಕೆ ಕೂತಾಗ ಶಾಲೆಯ ಸುದ್ದಿಯೆಲ್ಲ ಹೇಳುವುದು ಅವಳ ರೂಢಿ. ಅವತ್ತು "ಅಪ್ಪ, ಇವತ್ತು ಸೋಶಿಯಲ್ ಪೀರಿಯಡ್ಡಲ್ಲಿ ಫುಲ್ ಕಾಮಿಡಿ" ಅಂತ ಶುರು ಮಾಡಿದಳು. ಕ್ರೈಸ್ತ ಧರ್ಮದ ಪಾಠ ಬಂತಂತೆ. ಮೇಡಂ ಪುಸ್ತಕ ತೆಗೆಸಿ, "ಇದು ಈಸಿ ಇದೆ, ಮನೇಲೇ ಓದ್ಕೊಳ್ಳಿ, ಪ್ರಶ್ನೆಗಳಿಗೆ ಗೈಡ್ ನೋಡಿ ಉತ್ತರ ಬರ್ಕೊಂಡು ಬನ್ನಿ" ಎಂದು ಮುಂದಿನ ಪಾಠಕ್ಕೆ ಹೋದರಂತೆ. ಪೀರಿಯಡ್ ಮುಗಿದು ಮೇಡಂ ಆಚೆ ಹೋದದ್ದೇ ತಡ, ಹಿಂದಿನ ಬೆಂಚಿನ ಹುಡುಗ ಒಬ್ಬ ನನ್ನ ಮಗಳ ಪಕ್ಕದಲ್ಲಿ ಕೂರುವ ಹುಡುಗಿಯನ್ನು ಕೇಳಿದನಂತೆ: "ನಿಮ್ಮಜ್ಜಂಗೆ ಎಷ್ಟು ಮೂಟೆ ಅಕ್ಕಿ ಕೊಟ್ಟಿದ್ರಂತೆ?"

ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ.

"ನೀನು?" ಅಂದೆ.

"ಎಲ್ರೂ ನಕ್ರಲ್ಲಪ್ಪ... ನಾನೂ ನಕ್ಕೆ."

"ಅವಳು?"

"ಅವಳು ಪುಸ್ತಕ ಮುಚ್ಚಿಟ್ಳು. ಊಟಕ್ಕೆ ನಮ್ಮ ಜೊತೆ ಕೂರ್ಲಿಲ್ಲ."

ಆ ಹುಡುಗಿ ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದಾಳೆ. ಅವಳ ಮನೆಯವರೂ ನಮ್ಮ ಹಾಗೆ ಮಂಗಳೂರು ಕಡೆಯವರು. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರಿನ ಡಬ್ಬಿ ಬರುತ್ತದೆ, ಚೌತಿಗೆ ನಮ್ಮ ಮನೆಯಿಂದ ಉಂಡೆ ಹೋಗುತ್ತದೆ. ನನಗೆ ಸಿಟ್ಟು ಬಂತು. "ಎಲ್ಲಿ ಕಲಿತದ್ದು ಈ ಅಕ್ಕಿ ಮೂಟೆಯ ಮಾತು? ಇದರಲ್ಲಿ ನಗುವಂಥದ್ದು ಏನಿದೆ?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಮಗಳು ನನ್ನ ಮುಖ ನೋಡಿ ನಿಧಾನಕ್ಕೆ ಹೇಳಿದಳು: "ನಮ್ಮ ಫ್ಯಾಮಿಲಿ ಗ್ರೂಪಲ್ಲೇ ಬಂದಿತ್ತಲ್ಲಪ್ಪ. ಮಾವ ಕಳ್ಸಿದ್ದು. ನೀನೂ ನಗೋ ಬೊಂಬೆ ಹಾಕಿದ್ದೆ."

ಮೊಬೈಲ್ ತೆಗೆದು ಹಿಂದೆ ಹಿಂದೆ ಹೋಗಿ ಹುಡುಕಿದೆ. ಹೌದು, ಹಾಕಿದ್ದೆ.

ಇದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಬೇರೆಯವರಿಗೆ ಉಪದೇಶ ಮಾಡುವುದು ಇನ್ನೂ ನಾಚಿಕೆಗೇಡು. ಆದ್ದರಿಂದ ಮೊದಲ ಕಲ್ಲು ನನಗೇ ಬೀಳಲಿ.

ಎರಡು ದಿನ ಬಿಟ್ಟು ಶಾಲೆಗೆ ಹೋಗಿ ಆ ಮೇಡಂ ಅವರನ್ನು ಕಂಡೆ. ಜಗಳಕ್ಕೆ ಹೋಗಿದ್ದೆನೋ ಏನೋ... ಆದರೆ ಅವರ ಮಾತು ಕೇಳಿದ ಮೇಲೆ ಜಗಳ ಆಡುವುದು ಹೇಗೆ? "ಸಾರ್, ಒಂದು ವರ್ಷ ಈ ಪಾಠವನ್ನ ಚೆನ್ನಾಗಿ ಮಾಡಿದೆ. ಒಬ್ಬ ಪೇರೆಂಟ್ ಬಂದು 'ನೀವೇನು ಮತಪ್ರಚಾರ ಮಾಡ್ತಿದ್ದೀರಾ' ಅಂದ್ರು. ಕ್ರುಸೇಡ್ ಬಗ್ಗೆ ಹೇಳಿದ್ದಕ್ಕೆ ಇನ್ನೊಬ್ಬರು ಬಂದು 'ನಮ್ಮ ಧರ್ಮವನ್ನ ಕೆಟ್ಟದಾಗಿ ತೋರಿಸ್ತಿದ್ದೀರಾ' ಅಂದ್ರು. ಹೆಡ್‌ಮಾಸ್ಟರು ಕರೆಸಿ 'ಯಾಕೆ ಬೇಕಮ್ಮ ಇದೆಲ್ಲ, ಹೆಚ್ಚಂದ್ರೆ ಎರಡು ಮಾರ್ಕಿಂದು' ಅಂದ್ರು. ನಂಗೆ ಇನ್ನೂ ಆರು ವರ್ಷ ಸರ್ವಿಸ್ ಇದೆ ಸಾರ್."

ತಪ್ಪು ಅವರದಲ್ಲ. ಅವರನ್ನು ಹೆದರಿಸಿದ ನಮ್ಮದು. ನನ್ನ ಇಡೀ ತಕರಾರು ಇಷ್ಟೇ: ಈ ಪಾಠವನ್ನು ಹಾರಿಸಿದರೆ ಯಾರಿಗೂ ನೋವಾಗುವುದಿಲ್ಲ ಎಂದು ನಾವು ತಿಳಿದಿದ್ದೇವಲ್ಲ, ಅದು ಸುಳ್ಳು. ಮೇಡಂ ಬಿಟ್ಟ ಜಾಗ ಖಾಲಿ ಇರಲಿಲ್ಲ, ಅಲ್ಲಿ ಅಕ್ಕಿ ಮೂಟೆ ಬಂದು ಕೂತಿತು. ಕ್ರೈಸ್ತ ಧರ್ಮದ ಚರಿತ್ರೆಯನ್ನು ನಮ್ಮ ಮಕ್ಕಳು ಹೇಗಿದ್ದರೂ ಕಲಿತೇ ಕಲಿಯುತ್ತಾರೆ. ಶಾಲೆಯಲ್ಲಿ ಕಲಿಯದಿದ್ದರೆ ಮಾವನ ಮೊಬೈಲಿನಲ್ಲಿ ಕಲಿಯುತ್ತಾರೆ.

ಇದು ಒಂದು ಶಾಲೆಯ ಕತೆ ಮಾತ್ರ ಅಲ್ಲ. 2020ರ ಜುಲೈಯಲ್ಲಿ ಕೊರೋನಾ ಕಾರಣಕ್ಕೆ ರಾಜ್ಯದ ಪಠ್ಯವನ್ನು ಕಡಿತ ಮಾಡಲು ಹೊರಟರಲ್ಲ, ನೆನಪಿದೆಯೇ? ಆಗ ಕತ್ತರಿ ಬಿದ್ದ ಪಾಠಗಳಲ್ಲಿ ಟಿಪ್ಪು ಇದ್ದ, ಜೊತೆಗೆ ಆರನೇ ತರಗತಿಯ ಯೇಸುಕ್ರಿಸ್ತ ಮತ್ತು ಪೈಗಂಬರರ ಪಾಠವೂ ಇತ್ತು. ಗಲಾಟೆಯಾದ ಮೇಲೆ ಆ ಕಡಿತಕ್ಕೆ ತಡೆ ಬಿತ್ತು. ಗಮನಿಸಿ, ಆಗ ಆಡಳಿತದವರೂ ವಿರೋಧದವರೂ ಬಡಿದಾಡಿದ್ದು ಪಾಠ ಇರಬೇಕೋ ಬೇಡವೋ ಎಂಬುದಕ್ಕೆ. ಪಾಠದಲ್ಲಿ ಏನಿದೆ, ಮಕ್ಕಳಿಗೆ ಅದರಿಂದ ಏನು ತಿಳಿಯುತ್ತದೆ ಎಂದು ಕೇಳಿದವರು ಎಷ್ಟು ಜನ?

ನಾನು ಮಗಳ ನೋಟ್ಸ್ ತೆಗೆದು ನೋಡಿದೆ. ಗೈಡಿನಿಂದ ಇಳಿಸಿಕೊಂಡ ಮೊದಲ ಸಾಲು: ಕ್ರೈಸ್ತ ಧರ್ಮವು ಒಂದು ಪಾಶ್ಚಾತ್ಯ ಧರ್ಮ. ಆಮೇಲೆ ಬೆತ್ಲೆಹೆಮ್, ಶಿಲುಬೆ, ಹನ್ನೆರಡು ಶಿಷ್ಯರು, ಪವಿತ್ರ ಗ್ರಂಥ ಯಾವುದು, ಹಬ್ಬ ಯಾವುದು. ಮುಗಿಯಿತು. ಬೆತ್ಲೆಹೆಮ್ ಇರುವುದು ಏಷ್ಯಾದಲ್ಲಿ ಮಾರಾಯ್ರೆ! ರೋಮ್ ಸಾಮ್ರಾಜ್ಯದಲ್ಲಿ ಈ ಧರ್ಮಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದೇ 313ರಲ್ಲಿ. ಅಷ್ಟರೊಳಗೆ ಸಿರಿಯಾ, ಅರ್ಮೇನಿಯಾ, ಈಜಿಪ್ಟುಗಳಲ್ಲಿ ಅದು ಬೇರು ಬಿಟ್ಟಿತ್ತು. ಇಷ್ಟನ್ನು ಒಂದು ನಕಾಶೆ ಹಾಕಿ ಐದು ನಿಮಿಷದಲ್ಲಿ ತೋರಿಸಬಹುದು. ತೋರಿಸದೆ ಇದ್ದಾಗ ಮಗುವಿನ ತಲೆಯಲ್ಲಿ ಉಳಿಯುವುದು ಒಂದೇ ಚಿತ್ರ: 1498ರಲ್ಲಿ ವಾಸ್ಕೋ ಡ ಗಾಮನ ಹಡಗಿನಿಂದ ಶಿಲುಬೆ ಇಳಿಯಿತು, ಅದಕ್ಕೆ ಮುಂಚೆ ಇಲ್ಲಿ ಏನೂ ಇರಲಿಲ್ಲ.

ಇದ್ದದ್ದೇನು ಅಂದರೆ, ಕೇರಳದ ಕೊಲ್ಲಂಗೆ ಸೇರಿದ 849ರ ತರಿಸಾಪಳ್ಳಿ ತಾಮ್ರಪಟಗಳಿವೆ. ಚೇರ ಅರಸ ಸ್ಥಾಣು ರವಿಯ ಕಾಲದಲ್ಲಿ ವೇಣಾಡಿನ ಒಡೆಯ ಒಂದು ಚರ್ಚಿಗೆ ಭೂಮಿ, ಹಕ್ಕುಗಳನ್ನು ಬರೆದುಕೊಟ್ಟ ಶಾಸನ. ಅದರಲ್ಲಿ ಸಾಕ್ಷಿ ಹಾಕಿದವರ ಸಹಿಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿವೆ. ಒಂದೇ ಶಾಸನದಲ್ಲಿ ಹಿಂದೂ ಅರಸ, ಕ್ರೈಸ್ತ ಚರ್ಚು, ಮುಸ್ಲಿಂ, ಪಾರ್ಸಿ, ಯಹೂದಿ ಸಾಕ್ಷಿಗಳು! ನಮ್ಮ ಅಮೋಘವರ್ಷನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ನಮಗೆ ಸಿಕ್ಕಿರುವ ಮೊದಲ ಕನ್ನಡ ಪುಸ್ತಕದಷ್ಟು ಹಳೆಯದಾದ ಚರ್ಚಿನ ಶಾಸನ ಪಕ್ಕದ ರಾಜ್ಯದಲ್ಲಿದೆ ಎಂದು ನನಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ನಿಮಗೆ ಹೇಳಿದ್ದರೇ?

ಪೋರ್ಚುಗೀಸರು ಬಂದಾಗ ಈ ಹಳೆಯ ಕ್ರೈಸ್ತರು ಅವರ ಬಾಲ ಹಿಡಿದುಕೊಂಡು ಹೋದರೇ? 1599ರಲ್ಲಿ ಉದಯಂಪೇರೂರಿನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಒಂದು ಸಭೆ ಸೇರಿಸಿ, ಅವರ ಸಿರಿಯಾಕ್ ಗ್ರಂಥಗಳಲ್ಲಿ ದೋಷವಿದೆ ಎಂದು ತಿದ್ದಿಸಿದ, ಸುಡಿಸಿದ. 1653ರಲ್ಲಿ ಅದೇ ಜನ ಮಟ್ಟಾಂಚೇರಿಯಲ್ಲಿ ಶಿಲುಬೆಗೆ ಹಗ್ಗ ಕಟ್ಟಿ ಹಿಡಿದು, ಇನ್ನು ಈ ಪಾದ್ರಿಗಳ ಆಳ್ವಿಕೆಗೆ ಒಳಪಡುವುದಿಲ್ಲ ಎಂದು ಆಣೆ ಮಾಡಿದರು. ಕೂನನ್ ಕುರಿಶು ಸತ್ಯ ಅಂತ ಅದಕ್ಕೆ ಹೆಸರು. ವಿದೇಶಿ ಅಧಿಕಾರದ ವಿರುದ್ಧ ನಮ್ಮ ನೆಲದ ಜನ ಎದ್ದು ನಿಂತ ಘಟನೆ ಇದು. ಸ್ವಾತಂತ್ರ್ಯದ ಬಗ್ಗೆ ಅಷ್ಟೊಂದು ಪುಟ ಬರೆಯುವ ನಮ್ಮ ಪುಸ್ತಕಗಳಲ್ಲಿ ಇದಕ್ಕೆ ನಾಲ್ಕು ಸಾಲು ಜಾಗ ಇಲ್ಲವೇ?

ಈಗ ನನ್ನ ಮೇಲೆ ಮುಗಿಬೀಳುವ ಒಂದು ಗುಂಪು ಗೊತ್ತಿದೆ. "ಇದೆಲ್ಲ ಹೇಳ್ತೀರಿ, ಗೋವೆಯ ಇನ್‌ಕ್ವಿಸಿಷನ್ ಬಗ್ಗೆ ಯಾಕೆ ಬಾಯಿ ಬಿಡಲ್ಲ?" ಬಿಡುತ್ತೇನೆ ಸ್ವಾಮಿ. ಮಕ್ಕಳಿಗೆ ಅದನ್ನೂ ಹೇಳಬೇಕೆಂದೇ ನಾನು ಹೇಳುತ್ತಿರುವುದು. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಗೋವೆಯಲ್ಲಿ ಆ ನ್ಯಾಯಮಂಡಳಿ ಇತ್ತು. ಹದಿನಾರನೇ ಶತಮಾನದಲ್ಲಿ ಅಲ್ಲಿ ದೇವಸ್ಥಾನಗಳನ್ನು ಕೆಡವಿದರು. 1684ರಲ್ಲಿ ವೈಸರಾಯ್ ಒಬ್ಬ ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಮಾಡಿದ. ಭಾಷೆಯ ವಿಷಯ ಬಂದರೆ ನಮಗೆ ರಕ್ತ ಕುದಿಯುತ್ತದಲ್ಲ, ಇಲ್ಲಿ ಕುದಿಯಲಿ.

ಆದರೆ ಪೂರ್ತಿ ಹೇಳಬೇಕು. ಆ ಇನ್‌ಕ್ವಿಸಿಷನ್ ಹೆಚ್ಚಾಗಿ ಹಿಡಿದು ಹಾಕಿದ್ದು ಯಾರನ್ನು? ಮತಾಂತರವಾಗಿಯೂ ಮನೆಯಲ್ಲಿ ಹಳೆಯ ಆಚಾರ ಬಿಡದವರನ್ನು. ಅಂದರೆ ಹೊಸ ಕ್ರೈಸ್ತರನ್ನೇ. ಯುದ್ಧ, ಬರ, ತೆರಿಗೆ, ಈ ಭಯ ಎಲ್ಲ ಸೇರಿ ಗೋವೆ ಬಿಟ್ಟು ಕೆನರಾ ಕಡೆಗೆ ಬಂದವರಲ್ಲಿ ಕೊಂಕಣಿ ಬ್ರಾಹ್ಮಣರೂ ಇದ್ದರು, ಕೊಂಕಣಿ ಕ್ರೈಸ್ತರೂ ಇದ್ದರು. ಗೋವೆಯಲ್ಲಿ ಆದದ್ದಕ್ಕೆ ಇವತ್ತು ನಾವು ಯಾರ ಮಕ್ಕಳನ್ನು ಕ್ಲಾಸಿನಲ್ಲಿ ಅಣಕಿಸುತ್ತೇವೋ, ಅವರ ಹಿರಿಯರೂ ಆ ಏಟು ತಿಂದವರೇ. ಇನ್ನೊಂದು ಸಂಗತಿ. ಕೊಂಕಣಿ ಬಿಡಿ ಎಂದು ಆಜ್ಞೆ ಬಂದ ಅದೇ ಗೋವೆಯಲ್ಲಿ ಅದಕ್ಕೆ ಮುಂಚೆ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದಿದ್ದ, ಕೊಂಕಣಿಗೆ ವ್ಯಾಕರಣ ಬರೆದಿದ್ದ. ವ್ಯಾಕರಣ ಅಚ್ಚಾದದ್ದು 1640ರಲ್ಲಿ. ಒಂದೇ ಊರು, ಒಂದೇ ಧರ್ಮ, ಒಬ್ಬ ಭಾಷೆಗೆ ವ್ಯಾಕರಣ ಬರೆದ, ಇನ್ನೊಬ್ಬ ಬಾಯಿಗೆ ಬೀಗ ಹಾಕಲು ಹೊರಟ. ಹದಿನಾಲ್ಕು ವರ್ಷದ ಮಗುವಿಗೆ ಇದು ಅರ್ಥವಾಗುವುದಿಲ್ಲ ಎನ್ನುತ್ತೀರಾ? ಮನೆಯಲ್ಲಿ ಅಜ್ಜಿಯೂ ಒಬ್ಬಳೇ, ಮಾವನೂ ಒಬ್ಬನೇ, ಇಬ್ಬರೂ ಹಿಂದೂಗಳೇ, ಇಬ್ಬರೂ ಒಂದೇ ಥರ ಇಲ್ಲ ಅಂತ ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮೂರಿಗೇ ಬನ್ನಿ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಶುರುವಾದದ್ದು 1680ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೆಂದು ನಾವು ಓದಿದ ಅದೇ ಚೆನ್ನಮ್ಮ. 1784ರಲ್ಲಿ ಟಿಪ್ಪು ಆ ಇಗರ್ಜಿಯನ್ನು ಕೆಡವಿಸಿದ. ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಸಾವಿರ ಎಂಬ ಲೆಕ್ಕದಲ್ಲಿ ಜಗಳವಿದೆ, ಸಾವಿರಾರು ಜನ ಎಂಬುದರಲ್ಲಿ ಇಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಪಟ್ಟಣ ಬಿದ್ದ ಮೇಲೆ. ಈಗ ತಮಾಷೆ ನೋಡಿ. ಟಿಪ್ಪುವನ್ನು ಬೈಯುವಾಗ ನಮ್ಮ ಒಂದು ಗುಂಪಿಗೆ ಈ ಕ್ರೈಸ್ತರು ಸಾಕ್ಷಿಯಾಗಿ ಬೇಕು. ಮರುದಿನ ಅದೇ ಬಾಯಲ್ಲಿ ಅಕ್ಕಿ ಮೂಟೆ. ಟಿಪ್ಪುವನ್ನು ಹೊಗಳುವ ಇನ್ನೊಂದು ಗುಂಪಿಗೆ ಈ ಕತೆಯೇ ಬೇಡ, ಹೇಳಿದವನು ಕೋಮುವಾದಿ. ನಡುವೆ ಆ ಹುಡುಗಿ ಪುಸ್ತಕ ಮುಚ್ಚಿಟ್ಟು ಕೂತಿದ್ದಾಳೆ.

ಇನ್ನು ಸಿಹಿ ಮಾತ್ರ ಬಡಿಸುವವರ ಸರದಿ. ಕ್ರೈಸ್ತರು ಅಂದರೆ ಪ್ರೀತಿ, ಸೇವೆ, ಶಾಲೆ, ಆಸ್ಪತ್ರೆ ಎಂದು ಹೇಳಿ ಕೈ ತೊಳೆದುಕೊಳ್ಳುವವರು. ಕಾನ್ವೆಂಟುಗಳಲ್ಲಿ ಓದಿದ ನಮ್ಮಂಥವರಿಗೆ ಇದೇ ಸಿಕ್ಕಿದ್ದು. ಅವರ ಮಕ್ಕಳಿಗೆ ಕ್ಯಾಟೆಕಿಸಂ, ನಮಗೆ ಮಾರಲ್ ಸೈನ್ಸ್. ಚರಿತ್ರೆ ಇಬ್ಬರಿಗೂ ಇಲ್ಲ. ಕ್ರೈಸ್ತರಾದ ಮೇಲೂ ಜಾತಿ ಹೋಗಲಿಲ್ಲ ಎಂದು ಯಾರು ಹೇಳಿದರು? ಮಂಗಳೂರಿನ ಕ್ರೈಸ್ತರಲ್ಲಿ ಬಾಮಣ್, ಚಾರೊಡಿ ಎಂಬ ಲೆಕ್ಕ ಮದುವೆಯ ಮಾತು ಬಂದಾಗ ಹೊರಬರುತ್ತಿತ್ತು. ತಮಿಳುನಾಡಿನಲ್ಲಿ ಸತ್ತ ಮೇಲೂ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಇಲ್ಲ. ಇದು ಸರಿಯೋ ತಪ್ಪೋ ಎಂದು ಮಕ್ಕಳು ವಾದ ಮಾಡಲಿ. ಆದರೆ ಮತಾಂತರವಾದ ದಲಿತನೊಬ್ಬ ಕಳೆದುಕೊಳ್ಳುವುದೂ ಇದೆ ಎಂಬ ಮಾಹಿತಿಯಾದರೂ ಅವರಿಗೆ ಇರಲಿ.

ಅಕ್ಕಿ ಮೂಟೆಯ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರೈಸ್ತರಾದವರಿಗೆ ಮೊದಲು ಸಿಕ್ಕಿದ್ದು ಬಹಿಷ್ಕಾರ. ಜಾತಿ ಹೋಯಿತು, ಜಾತಿಯ ಜೊತೆ ಕುಲಕಸುಬು ಹೋಯಿತು, ಗೇಣಿ ಭೂಮಿ ಹೋಯಿತು. ಅವರ ಹೊಟ್ಟೆಗೆ ದಾರಿ ಮಾಡಬೇಕೆಂದೇ ಮಿಶನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳಿಗೆ ಕೈಹಾಕಿದ್ದು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚು ಆಮೇಲೆ ಮಂಗಳೂರು ಹೆಂಚು ಎಂದು ದೇಶವೆಲ್ಲ ಹೋಯಿತು. ನನ್ನ ಅಜ್ಜನ ಮನೆಯ ಮಾಡಿನಲ್ಲೂ ಅದೇ ಹೆಂಚು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುವಾಗ ಅದರ ಹಿಂದಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವುದು ನಮಗೆ ಮಕ್ಕಳಿಗೆ ಆಟ. ಆ ಮಾಡಿನ ಕೆಳಗೆ ಕೂತು ಅಜ್ಜ ಸಂಧ್ಯಾವಂದನೆ ಮಾಡುತ್ತಿದ್ದರು. ಯಾರೂ ಎದ್ದು ಹೋಗಿ ಹುಲ್ಲಿನ ಮಾಡು ಹಾಕಿಸಲಿಲ್ಲ!

ಮಿಶನ್ನಿನವರು ದೇವತೆಗಳಾಗಿದ್ದರೇ? ಖಂಡಿತ ಇಲ್ಲ. ಅವರು ಬಂದದ್ದೇ ಮತಾಂತರ ಮಾಡಲು, ಅದನ್ನು ಅವರು ಮುಚ್ಚಿಡಲೂ ಇಲ್ಲ. ನಮ್ಮ ಭೂತಗಳನ್ನು ಪಿಶಾಚಿ ಎಂದರು. ಅದೇ ಮಿಶನ್ನಿನ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ತುಳು ಪಾಡ್ದನಗಳ ಸಂಗ್ರಹವನ್ನೂ ಅಚ್ಚು ಹಾಕಿಸಿದ. ಪಿಶಾಚಿ ಎಂದು ಕರೆದವರ ಕೈಯಿಂದಲೇ ಪಾಡ್ದನ ಮೊದಲು ಪುಸ್ತಕವಾಯಿತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅವನ ಮನೆಯವರ ಸಂಕಟ ಸುಳ್ಳೇ? ಅಲ್ಲ. ಅವನ ಆಯ್ಕೆ ಸುಳ್ಳೇ? ಅದೂ ಅಲ್ಲ. ಪಾಠದಲ್ಲಿ ಎರಡೂ ಬರಲಿ.

ಅಕ್ಕಿ ಮೂಟೆಯವರಿಗೆ ನನ್ನದೊಂದು ಪ್ರಶ್ನೆ. ಪಂಡಿತಾ ರಮಾಬಾಯಿ ಎಷ್ಟು ಮೂಟೆ ತೆಗೆದುಕೊಂಡರು? 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಕೋಪಕ್ಕೆ ಸಿಕ್ಕ ಶಾಸ್ತ್ರಿಯ ಮಗಳು. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹಸಿವಿನಿಂದ ಸಾಯುವ ಹೊತ್ತಿನಲ್ಲಿ ಆಕೆ ಮತ ಬದಲಿಸಲಿಲ್ಲ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂದು ಬಿರುದು ಕೊಟ್ಟರು. ಕ್ರೈಸ್ತರಾದದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ, ದೇಶವೆಲ್ಲ ಹೆಸರಾದ ಮೇಲೆ. ಅದಾದ ಮೇಲೂ ಅಲ್ಲಿನ ಚರ್ಚಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸದೆ ಜಗಳ ಆಡಿದರು. ಈ ಹೆಂಗಸಿನ ಕತೆಯನ್ನು ಒಂಬತ್ತನೇ ಕ್ಲಾಸಿನಲ್ಲಿ ಹೇಳಿ ನೋಡಿ, ಯಾವ ಹುಡುಗ ಮೂಟೆ ಎಣಿಸುತ್ತಾನೋ ನೋಡೋಣ.

ಈಗ ನಮ್ಮ ವಿಷಯ, ಅಂದರೆ ಕನ್ನಡದಲ್ಲಿ ಬರೆಯುವವರ ವಿಷಯ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುತ್ತೇವೆ. ಯಾಕೆ? 1843ರ ಆ ದಿನ ಮೊಗ್ಲಿಂಗ್ ಮಂಗಳೂರಿನಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ದಕ್ಕೆ. ಒಂದು ಹಳೆಯ ಪದಕ್ಕೆ ಅರ್ಥ ಸಿಗದಿದ್ದರೆ ಎಲ್ಲಿಗೆ ಓಡುತ್ತೇವೆ? 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟಿಗೆ. ಸುಮಾರು 70 ಸಾವಿರ ಪದ. ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದ್ದೂ ಅವರೇ. ದಾಸರ ಪದಗಳು, ಬಸವ ಪುರಾಣ, ಜೈಮಿನಿ ಭಾರತ ಮಿಶನ್ನಿನ ಪ್ರೆಸ್ಸಿನಿಂದ ಹೊರಬಂದವು. ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಕಿಟೆಲ್ ಪ್ರತಿಮೆ ನಿಲ್ಲಿಸಿ ನವೆಂಬರಿನಲ್ಲಿ ಹಾರ ಹಾಕುತ್ತೇವೆ. ಆದರೆ ಆ ಮನುಷ್ಯ ಇಲ್ಲಿಗೆ ಯಾಕೆ ಬಂದ, ಯಾರು ಕಳಿಸಿದರು, ಏನು ನಂಬಿದ್ದ ಎಂದು ಮಕ್ಕಳಿಗೆ ಹೇಳಲು ನಾಚಿಕೆ. ನಿಘಂಟು ಬೇಕು, ಹೆಂಚು ಬೇಕು, ಕಾನ್ವೆಂಟಿನ ಸೀಟು ಬೇಕು, ಸೀಟಿಗೆ ಶಿಫಾರಸು ಬೇಕು. ಪಾಠ ಮಾತ್ರ ಬೇಡ!

"ಶಾಲೆಯಲ್ಲಿ ಯಾವ ಧರ್ಮವೂ ಬೇಡ, ವಿಜ್ಞಾನ ಕಲಿಸಿ ಸಾಕು" ಎನ್ನುವ ಗೆಳೆಯರೂ ಇದ್ದಾರೆ. ಇವರ ಮೇಲೆ ನನಗೆ ಪ್ರೀತಿ ಇದೆ, ಆದರೆ ಮಾತು ಒಪ್ಪುವುದಿಲ್ಲ. 1633ರಲ್ಲಿ ಗೆಲಿಲಿಯೋನನ್ನು ವಿಚಾರಣೆಗೆ ನಿಲ್ಲಿಸಿದವರು ಯಾರು ಎಂದು ಹೇಳದೆ ಆ ವಿಜ್ಞಾನಿಯ ಕತೆ ಹೇಗೆ ಹೇಳುತ್ತೀರಿ? 1517ರ ಲೂಥರ್ ಇಲ್ಲದೆ ಯೂರೋಪ್ ಹೇಗೆ ಅರ್ಥವಾಗುತ್ತದೆ? ಹೋಗಲಿ, ಮಾರ್ಕ್ಸ್ ಕಾರ್ಡಿನ ಮೇಲಿನ ಇಸವಿಯನ್ನೇ ಎಲ್ಲಿಂದ ಎಣಿಸುತ್ತಿದ್ದೇವೆ?

ಕಾನೂನಿನ ಭಯವೂ ಬೇಡ. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಬೇರೆ ಶಾಲೆಗಳಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ. 2022ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಎಲ್ಲ ಮಕ್ಕಳೂ ಬೈಬಲ್ ತರಬೇಕು ಎಂಬ ವಿಷಯಕ್ಕೆ ಗಲಾಟೆಯಾಯಿತು. ಅದೇ ವರ್ಷ ಶಾಲೆಗಳಲ್ಲಿ ಭಗವದ್ಗೀತೆ ಕಲಿಸುವ ಮಾತೂ ಬಂತು. ಎರಡಕ್ಕೂ ನನ್ನ ವಿರೋಧವೇ. ದೇವರನ್ನು ನಂಬು ಎನ್ನುವುದು ಶಾಲೆಯ ಕೆಲಸವಲ್ಲ. ಆದರೆ ಜನ ಯಾವ ದೇವರನ್ನು ನಂಬಿದರು, ನಂಬಿ ಏನೇನು ಮಾಡಿದರು ಎಂದು ಹೇಳುವುದು ಚರಿತ್ರೆ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗ್ಗೆ ಕಲಿಸುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದೇ ಹೇಳಿತು.

ಹಾಗಾದರೆ ಏನು ಮಾಡಬೇಕು? ಆರನೇ ಕ್ಲಾಸಿಗೆ ಯೇಸುವಿನ ಬದುಕು, ಒಂದು ನಕಾಶೆ, ಹತ್ತಿರದ ಇಗರ್ಜಿಯ ಕತೆ ಸಾಕು. ಒಂಬತ್ತನೆಯದಕ್ಕೆ ಬಂದಾಗ ಜಗಳಗಳನ್ನು ತೋರಿಸಿ. 849, 1560, 1653, 1784, 1843, ಈ ಐದು ಇಸವಿಗಳನ್ನು ಹಲಗೆಯ ಮೇಲೆ ಬರೆದು, ಈ ಐದೂ ಕಡೆ ಕ್ರೈಸ್ತರು ಒಂದೇ ಥರ ಇದ್ದರೇ ಎಂದು ಕೇಳಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದದ್ದನ್ನೂ ಸೇರಿಸಿ, ಅದೂ ಈಗ ಚರಿತ್ರೆಯೇ. ಹಾಸನದ ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳುವ ಮಕ್ಕಳಿಗೆ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದವರು ಎಲ್ಲಿ ಹೋದರು ಎಂದು ಹುಡುಕುವ ಕೆಲಸ ಕೊಡಿ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 2ಕ್ಕಿಂತಲೂ ಕಡಿಮೆ. ಅವರಿಂದ ಈ ನಾಡಿಗೆ ಆಪತ್ತು ಬಂತು ಎನ್ನುವವರು ಆ ಲೆಕ್ಕವನ್ನೂ ಮಕ್ಕಳ ಮುಂದಿಡಲಿ. ಮುಖ್ಯವಾಗಿ, ಪಾಠ ಮಾಡಿದ ಮೇಡಂ ಹಿಂದೆ ನಾವು ಪೋಷಕರು ನಿಲ್ಲಬೇಕು. ದೂರು ಹೇಳಲು ಶಾಲೆಗೆ ಹೋಗುವ ನಾವು, ಚೆನ್ನಾಗಿ ಹೇಳಿಕೊಟ್ಟಿರಿ ಎನ್ನಲು ಒಮ್ಮೆಯೂ ಹೋಗುವುದಿಲ್ಲ. ನಾನೂ ಹೋದವನಲ್ಲ.

ಮಗಳು ಗೆಳತಿಗೆ ಫೋನ್ ಮಾಡಿ ಸಾರಿ ಕೇಳಿದಳು. ಆ ಹುಡುಗಿ ದೊಡ್ಡ ಮನಸ್ಸಿನವಳು, "ಪರ್ವಾಗಿಲ್ಲ ಬಿಡೇ" ಅಂದಳಂತೆ. ಆಮೇಲೆ ಇನ್ನೊಂದು ಮಾತು ಹೇಳಿದಳಂತೆ: "ನಂಗೂ ಉತ್ತರ ಗೊತ್ತಿರ್ಲಿಲ್ಲ ಕಣೇ. ನಮ್ಮನೇಲಿ ಕೇಳಿದ್ರೆ ಅವರಿಗೂ ಸರಿಯಾಗಿ ಗೊತ್ತಿಲ್ಲ." ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಇದು. ಉತ್ತರ ಕೊಡುವ ಹೊಣೆ ಅವಳದಲ್ಲ, ನಿಜ. ಹದಿನಾಲ್ಕು ವರ್ಷದ ಮಗು ತನ್ನ ಅಜ್ಜನ ಅಜ್ಜನ ಪರವಾಗಿ ಕ್ಲಾಸಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕಾಗಿಲ್ಲ. ಆದರೆ ಅವಳ ಹಿರಿಯರ ಕತೆ ಅವಳ ಪುಸ್ತಕದಲ್ಲೂ ಇಲ್ಲ, ನನ್ನ ಮಗಳ ಪುಸ್ತಕದಲ್ಲೂ ಇಲ್ಲ ಅಂದರೆ ಅದು ಇಬ್ಬರಿಗೂ ಆದ ಮೋಸ.

ನಾನು ಗ್ರೂಪಿನಲ್ಲಿ ಆ ನಗೋ ಬೊಂಬೆ ಅಳಿಸಿ, ರಮಾಬಾಯಿಯ ಕತೆಯನ್ನು ಹತ್ತು ಸಾಲಿನಲ್ಲಿ ಬರೆದು, ಕೊನೆಗೆ "ಎಷ್ಟು ಮೂಟೆ ಭಾವ?" ಎಂದು ಕೇಳಿದೆ. ಇಡೀ ದಿನ ಯಾರದೂ ಉತ್ತರವಿಲ್ಲ. ಮರುದಿನ ಬೆಳಿಗ್ಗೆ ಭಾವನಿಂದ ಗುಲಾಬಿ ಹೂವಿನ ಶುಭೋದಯದ ಚಿತ್ರ ಬಂತು :-)

ನೀವೊಂದು ಕೆಲಸ ಮಾಡಿ. ಇವತ್ತು ಮನೆಗೆ ಹೋದ ಮೇಲೆ ಮಗನದೋ ಮಗಳದೋ ಸಮಾಜ ಪುಸ್ತಕ ತೆಗೆದು ಈ ಪಾಠ ಓದಿ. ಅದರ ಪಕ್ಕದಲ್ಲೇ ಅವರ ನೋಟ್ಸ್ ಓದಿ. ಆಮೇಲೆ, ಧೈರ್ಯ ಇದ್ದರೆ, ನಿಮ್ಮ ಫ್ಯಾಮಿಲಿ ಗ್ರೂಪನ್ನೂ ಹಿಂದೆ ಹಿಂದೆ ಹೋಗಿ ನೋಡಿ. ಏನು ಸಿಕ್ಕಿತು ಎಂದು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಬಂದು ಓದುತ್ತೇನೆ. ನನ್ನ ಮಾತು ತಪ್ಪು ಅನ್ನಿಸಿದರೆ ಹೇಳಿ, ತಿದ್ದಿಕೊಳ್ಳುತ್ತೇನೆ. ಬೊಂಬೆ ಹಾಕಿದವನು ತಿದ್ದಿಕೊಳ್ಳಲೇಬೇಕಲ್ಲ!